ಮಗ್ಗುಲು ಬದಲಿಸುವ ವಿದ್ಯೆ

ಅಜ್ಜಿ ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡಾಗ ನಮ್ಮೂರ ಕಡೆ ಹೊಗೆಸೊಪ್ಪು ಬೇಯಿಸುವ ಕಾಲ. ಅರಕಲಗೂಡು ತಾಲ್ಲೂಕಿನ ಕೊಣನೂರು, ರಾಮನಾಥಪುರದ ಸುತ್ತಿನವರಿಗೆ ಆ ಕಾಲವೆಂದರೆ ಏನೆಂದು ಗೊತ್ತು. ಬ್ಯಾರನ್ನಿಗೆ ಒಮ್ಮೆ ಬೆಂಕಿ ಹಾಕಿದ ಮೇಲೆ ಹಗಲೂ ರಾತ್ರಿ ಯಾರಾದರೂ ಅದರ ಮುಂದೆ ಇರಲೇಬೇಕು. ಕಾವು ಹೆಚ್ಚಾದರೂ ಕಷ್ಟ, ಇಳಿದರೂ ಕಷ್ಟ. ಸೊಪ್ಪಿಗೆ ಅಷ್ಟು ಕಾವಲಿದ್ದ ಮನೆಯಲ್ಲಿ ಅಜ್ಜಿಗೆ ಇದ್ದದ್ದು ನಮ್ಮಮ್ಮ ಒಬ್ಬಳೇ. ಅಮ್ಮ ಹೊತ್ತುಹೊತ್ತಿಗೆ ಗಂಜಿ ಕುಡಿಸಿದಳು, ಬಟ್ಟೆ ಬದಲಿಸಿದಳು, ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಆದರೂ ಮೂರನೆಯ ವಾರಕ್ಕೆ ಅಜ್ಜಿಯ ಬೆನ್ನಿನ ಕೆಳಗೆ ಅಂಗೈ ಅಗಲದ ಹುಣ್ಣಾಯಿತು. ಬಂದುಹೋಗುವವರು ಕರ್ಮ ಅಂದರು. ಅಮ್ಮ ತನ್ನದೇ ತಪ್ಪು ಅಂದುಕೊಂಡು ಒಳಗೇ ಕೊರಗಿದಳು.

ಹಾಸನದ ಆಸ್ಪತ್ರೆಯೊಂದರಲ್ಲಿ ಬಹಳ ವರ್ಷ ಆಯಾ ಆಗಿ ದುಡಿದು ಊರಿಗೆ ಮರಳಿದ್ದ ಹೆಂಗಸೊಬ್ಬರು ಒಂದು ಸಂಜೆ ಅಜ್ಜಿಯನ್ನು ನೋಡಲು ಬಂದರು. ಅಮ್ಮ ಅಜ್ಜಿಯ ತೋಳು ಹಿಡಿದು ಮೇಲಕ್ಕೆ ಜರುಗಿಸುತ್ತಿದ್ದಳು. "ಹಂಗೆ ಎಳೀಬ್ಯಾಡ್ರಕ್ಕ, ತೊಗಲು ಸುಲ್ಕಂಡ್ ಬತ್ತದೆ" ಎಂದು ಅವರು ತಡೆದರು. ಒಂದು ಹಳೆಯ ಹತ್ತಿಯ ಸೀರೆ ಕೇಳಿ ಪಡೆದು ನಾಲ್ಕು ಮಡಿಕೆ ಮಾಡಿ ಅಜ್ಜಿಯ ಅಡಿಗೆ ಸೇರಿಸಿದರು. ಆಚೆ ಅಮ್ಮ, ಈಚೆ ತಾವು ನಿಂತು ಸೀರೆಯ ಅಂಚು ಹಿಡಿದು ಎತ್ತಿದರು. ಅಜ್ಜಿ ನೋವೆನ್ನದೆ ಪಕ್ಕಕ್ಕೆ ಹೊರಳಿದಳು. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬು ಇಟ್ಟರು. ಹಾಸಿಗೆಯ ಸುಕ್ಕು ತೀಡಿದರು. ಹೊರಡುವಾಗ, "ಎಲ್ಡ್ ಗಂಟ್ಗೊಂದ್ ಸಲ ಮಗ್ಗುಲು ಬದಲಿಸಿ. ಒಬ್ರ ಕೈಲಿ ಆಗಲ್ಲ, ಇಬ್ರು ಬೇಕು" ಎಂದರು.

ಹುಣ್ಣು ಹರಡುವುದು ನಿಂತಿತು. ನಿಧಾನಕ್ಕೆ ಮಾಗಿತು. ಅಜ್ಜಿ ಮುಂದೆ ಹನ್ನೊಂದು ತಿಂಗಳು ಬದುಕಿದಳು. ಎಷ್ಟೋ ವರ್ಷದ ನಂತರ ಅಮ್ಮ ಅದನ್ನು ನೆನೆದು, "ಪ್ರೀತಿ ಇತ್ತು ಕಣೋ, ಗೊತ್ತಿರಲಿಲ್ಲ" ಎಂದಳು.

ಈ ಮಾತು ನನ್ನನ್ನು ಬಿಟ್ಟಿಲ್ಲ. ಮುದುಕರನ್ನು ನೋಡಿಕೊಳ್ಳುವುದಕ್ಕೆ ಮನಸ್ಸಿದ್ದರೆ ಸಾಕು, ಕಲಿಯುವುದೇನಿದೆ ಎಂದು ನಾವೆಲ್ಲ ನಂಬಿಕೊಂಡೇ ಬಂದಿದ್ದೇವೆ. ನಮ್ಮ ಭಾಷೆಯೂ ಅದನ್ನೇ ಹೇಳುತ್ತದೆ. ಹೆರಿಗೆ ಮಾಡಿಸುವವಳಿಗೆ ಸೂಲಗಿತ್ತಿ ಎಂಬ ಹೆಸರಿದೆ. ಮೂಳೆ ಕೂಡಿಸುವವರಿಗೆ, ದೃಷ್ಟಿ ತೆಗೆಯುವವರಿಗೆ, ಹೆಣಕ್ಕೆ ಚಟ್ಟ ಕಟ್ಟುವವರಿಗೆ ಕೂಡ ಊರಿನಲ್ಲಿ ಗುರುತಿದೆ, ಕರೆಯುವ ರೀತಿಯಿದೆ. ಹಾಸಿಗೆ ಹಿಡಿದ ಮುಪ್ಪಿನವರನ್ನು ನೋಡಿಕೊಳ್ಳುವವರಿಗೆ ಮಾತ್ರ ಕಸುಬಿನ ಹೆಸರಿಲ್ಲ. ಸೊಸೆ, ಮಗಳು ಅನ್ನುತ್ತೇವೆ. ಈಗೀಗ 'ಕೇರ್‌ಟೇಕರ್' ಎಂಬ ಪದ ಬಂದಿದೆ. ಹೆಸರಿಲ್ಲದ ಕೆಲಸಕ್ಕೆ ಗುರುವೂ ಇರುವುದಿಲ್ಲ, ಕೂಲಿಯೂ ಇರುವುದಿಲ್ಲ.

ಆದರೆ ಹುಡುಕಿದರೆ ಒಂದು ಹಳೆಯ ಹೆಸರು ಸಿಗುತ್ತದೆ. ಅದು ಸಿಗುವುದು ನಮ್ಮ ಜಿಲ್ಲೆಯಲ್ಲೇ, ಚನ್ನರಾಯಪಟ್ಟಣದಿಂದ ಸ್ವಲ್ಪವೇ ದೂರದ ಶ್ರವಣಬೆಳಗೊಳದಲ್ಲಿ.

*

ಶ್ರವಣಬೆಳಗೊಳಕ್ಕೆ ಹೋದವರು ಸಾಮಾನ್ಯವಾಗಿ ದೊಡ್ಡಬೆಟ್ಟ ಹತ್ತಿ ಗೊಮ್ಮಟನನ್ನು ನೋಡಿ ಇಳಿಯುತ್ತಾರೆ. ಎದುರಿಗಿರುವ ಚಿಕ್ಕಬೆಟ್ಟಕ್ಕೆ ಹೋಗುವವರು ಕಡಿಮೆ. ಹಳೆಯ ಶಾಸನಗಳು ಕಳ್ಬಪ್ಪು, ಕಟವಪ್ರ ಎಂದು ಕರೆಯುವ ಬೆಟ್ಟ ಅದು. ಗೊಮ್ಮಟ ನಿಲ್ಲುವುದಕ್ಕೆ ಸುಮಾರು ನಾಲ್ಕು ಶತಮಾನ ಮೊದಲಿನಿಂದಲೇ ಅಲ್ಲಿನ ಬಂಡೆಗಳ ಮೇಲೆ ಅಕ್ಷರ ಕೊರೆಯುವ ಕೆಲಸ ನಡೆದಿತ್ತು. ಶ್ರವಣಬೆಳಗೊಳ ಮತ್ತು ಸುತ್ತಮುತ್ತ ದೊರೆತ ಶಾಸನಗಳು 570ಕ್ಕೂ ಹೆಚ್ಚು. ಅವುಗಳಲ್ಲಿ, ಅದರಲ್ಲೂ ಚಿಕ್ಕಬೆಟ್ಟದವುಗಳಲ್ಲಿ, ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟವರ ನೆನಪಿನವು ಬಹಳ. ಮುನಿಗಳು, ಕಂತಿಯರು, ಗೃಹಸ್ಥರು ಎಲ್ಲರೂ ಇದ್ದಾರೆ. ಹೊಯ್ಸಳ ದಂಡನಾಯಕ ಗಂಗರಾಜನ ಹೆಂಡತಿ ಲಕ್ಷ್ಮೀಮತಿ ಇದ್ದಾಳೆ. ರಾಣಿ ಶಾಂತಲೆಯ ತಾಯಿ ಮಾಚಿಕಬ್ಬೆ ಇದ್ದಾಳೆ. ಮಗಳು ಶಿವಗಂಗೆಯಲ್ಲಿ ತೀರಿಕೊಂಡ ನಂತರ ಆ ತಾಯಿ ಬೆಳಗೊಳಕ್ಕೆ ಬಂದು ಒಂದು ತಿಂಗಳು ಉಪವಾಸವಿದ್ದು ಪ್ರಾಣಬಿಟ್ಟಳೆಂದು ಶಾಸನ ಹೇಳುತ್ತದೆ.

ಸಲ್ಲೇಖನ ಸರಿಯೋ ತಪ್ಪೋ ಎಂಬ ವಾದಕ್ಕೆ ನಾನು ಹೋಗುವುದಿಲ್ಲ. ಅದು ಒಂದು ಧರ್ಮದ ವ್ರತ, ಮುಪ್ಪಿನ ಆರೈಕೆಯಲ್ಲ. ನನ್ನ ಕುತೂಹಲ ಮಲಗಿದವರ ಬಗ್ಗೆಗಿಂತ ಅವರ ಪಕ್ಕದಲ್ಲಿ ಇದ್ದವರ ಬಗ್ಗೆ. ಅನ್ನ, ನೀರು ಬಿಡುತ್ತಾ ದಿನದಿನಕ್ಕೆ ಸೊರಗುವ ದೇಹವೊಂದನ್ನು ಬರಿ ಬಂಡೆಯ ಮೇಲೆ ಯಾರು ನೋಡಿಕೊಂಡರು? ಆ ದೇಹ ಹೊರಳಲಾರದಾಗ ಹೊರಳಿಸಿದವರು ಯಾರು? ಮಲಮೂತ್ರ ತೆಗೆದವರು ಯಾರು?

ಇದಕ್ಕೆ ಉತ್ತರ ಶಿವಾರ್ಯನ 'ಭಗವತೀ ಆರಾಧನಾ' ಎಂಬ ಪ್ರಾಕೃತ ಗ್ರಂಥದಲ್ಲಿ ವಿವರವಾಗಿ ಸಿಗುತ್ತದೆ. ಎರಡು ಸಾವಿರಕ್ಕೂ ಹೆಚ್ಚು ಗಾಹೆಗಳ ಈ ಗ್ರಂಥ ಹೇಗೆ ಸಾಯಬೇಕು ಎನ್ನುವುದರ ಜೊತೆಗೆ ಸಾಯುವವನನ್ನು ಹೇಗೆ ನೋಡಿಕೊಳ್ಳಬೇಕು ಎನ್ನುವುದನ್ನೂ ಹೇಳುತ್ತದೆ. ನೋಡಿಕೊಳ್ಳುವವನ ಹೆಸರು ನಿರ್ಯಾಪಕ. ದಾಟಿಸುವವನು ಎಂದು ಇಟ್ಟುಕೊಳ್ಳಬಹುದು. ಒಬ್ಬ ಮುನಿಗೆ ಒಬ್ಬ ನಿರ್ಯಾಪಕನಲ್ಲ, 48 ಮಂದಿ. ಅವರಿಗೆ ನಾಲ್ಕು ನಾಲ್ಕು ಜನರಂತೆ ಕೆಲಸ ಹಂಚಿಕೆ. ನಾಲ್ವರು ಮೈ ಸವರುವುದಕ್ಕೆ, ಕೂರಿಸುವುದಕ್ಕೆ, ಮಲಗಿಸುವುದಕ್ಕೆ, ಮಗ್ಗುಲು ಬದಲಿಸುವುದಕ್ಕೆ. ನಾಲ್ವರು ಧರ್ಮಕಥೆ ಹೇಳುವುದಕ್ಕೆ. ನಾಲ್ವರು ಆಹಾರ ತರುವುದಕ್ಕೆ, ನಾಲ್ವರು ಕುಡಿಯುವುದನ್ನು ತರುವುದಕ್ಕೆ, ಮತ್ತೆ ನಾಲ್ವರು ಅವನ್ನು ಕಾಪಾಡುವುದಕ್ಕೆ. ನಾಲ್ವರು ಮಲಮೂತ್ರ ತೆಗೆದು ಹಾಸು ಶುಚಿ ಮಾಡುವುದಕ್ಕೆ. ನಾಲ್ವರು ಬಾಗಿಲು ಕಾಯುವುದಕ್ಕೆ. ನಾಲ್ವರು ರಾತ್ರಿ ನಿದ್ದೆಗೆಟ್ಟು ಎಚ್ಚರವಿರುವುದಕ್ಕೆ. ನೋಡಲು ಬಂದ ಜನ ಮಲಗಿದವನಿಗೆ ತೊಂದರೆ ಕೊಡದಂತೆ ಅವರನ್ನು ಹೊರಗೇ ಕೂರಿಸಿ ಮಾತಾಡಿಸುವುದಕ್ಕೂ ನಾಲ್ವರು.

ಈ ಪಟ್ಟಿಯನ್ನು ಮೊದಲ ಸಲ ಓದಿದಾಗ ನನಗೆ ಆಸ್ಪತ್ರೆಯ ಪಾಳಿ ಹಾಳೆ ನೆನಪಾಯಿತು. ಬೆನ್ನಹಿಂದೆಯೇ ನಮ್ಮಮ್ಮ ನೆನಪಾದಳು. ಗ್ರಂಥ 48 ಜನರಿಗೆ ಹಂಚಿದ ಕೆಲಸದಲ್ಲಿ ಬಹುಪಾಲನ್ನು ನಮ್ಮ ಮನೆಯಲ್ಲಿ ಅವಳೊಬ್ಬಳೇ ಮಾಡುತ್ತಿದ್ದಳು.

ಎಲ್ಲ ಕಾಲದಲ್ಲೂ 48 ಜನ ಸಿಗುವುದಿಲ್ಲ ಎಂಬುದು ಆ ಗ್ರಂಥಕಾರನಿಗೆ ಗೊತ್ತು. ಕಾಲ ಕೆಟ್ಟಂತೆ ಸಂಖ್ಯೆ ಇಳಿಸಬಹುದು ಎನ್ನುತ್ತಾನೆ. ಆದರೆ ಎರಡಕ್ಕಿಂತ ಕೆಳಗೆ ಇಳಿಯಕೂಡದು. ಒಬ್ಬನೇ ಆದರೆ ಅವನು ಭಿಕ್ಷೆಗೆ ಹೋದಾಗ ಮಲಗಿದವನು ಒಂಟಿಯಾಗುತ್ತಾನೆ, ಹೋಗದೆ ಕೂತರೆ ನೋಡಿಕೊಳ್ಳುವವನೇ ಸೊರಗುತ್ತಾನೆ. ಇಬ್ಬರಿಗೂ ಕೇಡು. ಇಂದು ಆರೈಕೆ ಮಾಡುವವರ ದಣಿವಿನ ಬಗ್ಗೆ ಪುಸ್ತಕಗಳೇ ಬರುತ್ತಿವೆ. ಅದರ ತಿರುಳನ್ನು ಆತ ಆಗಲೇ ಕಂಡುಕೊಂಡಿದ್ದ.

ಇನ್ನೊಂದು ಮಾತು. ನಿರ್ಯಾಪಕನಾಗುವುದಕ್ಕೆ ಮನಸ್ಸೊಂದೇ ಸಾಲದು. ಅವನು ಧೈರ್ಯವಂತನಾಗಿರಬೇಕು, ನಂಬಿಕೆಗೆ ಅರ್ಹನಾಗಿರಬೇಕು, ಏನು ಕೊಡಬಹುದು ಏನು ಕೊಡಬಾರದು ಎಂದು ಬಲ್ಲವನಾಗಿರಬೇಕು, ಮಲಗಿದವನ ಇಂಗಿತವನ್ನು ಅವನು ಬಾಯಿಬಿಡುವ ಮೊದಲೇ ತಿಳಿಯುವವನಾಗಿರಬೇಕು. ಅರ್ಹತೆಯ ಪಟ್ಟಿಯಿದೆ ಎಂದರೆ ಅದು ಕಲಿಯುವ ವಿದ್ಯೆ ಎಂದೇ ಅರ್ಥ. ಜೈನರು ಇದನ್ನು ತಪಸ್ಸಿನ ಲೆಕ್ಕಕ್ಕೂ ಸೇರಿಸಿದರು. 'ತತ್ತ್ವಾರ್ಥಸೂತ್ರ' ಹೇಳುವ ಆರು ಅಂತರಂಗ ತಪಸ್ಸುಗಳಲ್ಲಿ ವೈಯಾವೃತ್ಯವೂ ಒಂದು. ವೈಯಾವೃತ್ಯವೆಂದರೆ ಶುಶ್ರೂಷೆ. ಯಾರ ಶುಶ್ರೂಷೆ ಎಂಬ ಹತ್ತರ ಪಟ್ಟಿಯಲ್ಲಿ ಗುರುಗಳ ಜೊತೆಗೆ ಕಾಯಿಲೆಯವರೂ ಇದ್ದಾರೆ.

ಕನ್ನಡಕ್ಕೂ ಈ ಹಾಸಿಗೆಯ ಪಕ್ಕಕ್ಕೂ ಒಂದು ನಂಟಿದೆ. ನಮ್ಮ ಅತಿ ಹಳೆಯ ಗದ್ಯಕೃತಿಗಳಲ್ಲೊಂದಾದ 'ವಡ್ಡಾರಾಧನೆ'ಯ 19 ಕಥೆಗಳು 'ಭಗವತೀ ಆರಾಧನಾ'ದ 'ಕವಚ' ಎಂಬ ಭಾಗದ ಗಾಹೆಗಳಿಂದ ಹುಟ್ಟಿದವು. ನೋವಿನಲ್ಲಿ ಧೈರ್ಯಗೆಡುತ್ತಿರುವವನಿಗೆ ನಿರ್ಯಾಪಕ ಗುರು, ನಿನಗಿಂತ ಹೆಚ್ಚು ನೊಂದವರು ಹೀಗೆ ತಾಳಿಕೊಂಡರು ಎಂದು ಹೇಳುವ ಮಾತು ಅದು. ಮನಸ್ಸಿಗೆ ತೊಡಿಸುವ ಕವಚ. ಹಾಗಾಗಿ ಕನ್ನಡದ ಈ ಹಳೆಯ ಕಥೆಗಳ ಬೇರು ಇರುವುದು ಮಲಗಿದವರ ತಲೆದೆಸೆಯಲ್ಲಿ. ಅವುಗಳಲ್ಲೊಂದು ಭದ್ರಬಾಹು ಭಟಾರರ ಕಥೆ. ಚಿಕ್ಕಬೆಟ್ಟದ ಪರಂಪರೆ ಇಂದಿಗೂ ಹೇಳುವಂತೆ, ಕೊನೆಗಾಲ ಬಂತೆಂದು ಗುರು ಭದ್ರಬಾಹು ಸಂಘವನ್ನೆಲ್ಲ ಮುಂದಕ್ಕೆ ಕಳಿಸಿ ಈ ಬೆಟ್ಟದಲ್ಲಿ ಉಳಿದರು. ಜೊತೆಗೆ ನಿಂತವನು ಒಬ್ಬನೇ ಶಿಷ್ಯ, ರಾಜ್ಯ ಬಿಟ್ಟು ಬಂದಿದ್ದ ಚಂದ್ರಗುಪ್ತ. ಆ ಬೆಟ್ಟಕ್ಕೆ ಚಂದ್ರಗಿರಿ ಎಂಬ ಇನ್ನೊಂದು ಹೆಸರು ಬಂದದ್ದು ಅವನಿಂದ. ಇತಿಹಾಸಕಾರರು ಅವನು ಮೌರ್ಯ ಚಂದ್ರಗುಪ್ತನೇ ಹೌದೋ ಅಲ್ಲವೋ ಎಂದು ವಾದಿಸುತ್ತಲೇ ಇದ್ದಾರೆ. ನನಗೆ ಮುಖ್ಯವಾಗಿ ಕಾಣುವುದು ಬೇರೆ. ಆ ಬೆಟ್ಟ ಹೆಸರು ಪಡೆದದ್ದು ಅಲ್ಲಿ ದೇಹಬಿಟ್ಟ ಗುರುವಿನಿಂದ ಅಲ್ಲ, ಪಕ್ಕದಲ್ಲಿ ಕೂತು ನೋಡಿಕೊಂಡ ಶಿಷ್ಯನಿಂದ.

*

ಇಷ್ಟು ಸ್ಪಷ್ಟವಾಗಿದ್ದ ವಿದ್ಯೆ ಮಠದ ಅಂಗಳ ದಾಟಿ ಒಕ್ಕಲು ಮನೆಗಳಿಗೆ ಬರಲಿಲ್ಲ. ಮನೆಯಲ್ಲಿ ಅದು ಸೊಸೆಯ ಕರ್ತವ್ಯವಾಗಿಯೇ ಉಳಿಯಿತು. ಕರ್ತವ್ಯವಾದ್ದರಿಂದ ಯಾರೂ ಕಲಿಸಲಿಲ್ಲ.

ರೋಗಿಯ ಆರೈಕೆಯನ್ನು ಪಾಠ ಮಾಡಿ ಕಲಿಸಬಹುದು ಎಂಬ ಮಾತು ಈ ಭಾಗಕ್ಕೆ ಮತ್ತೆ ಬಂದದ್ದು ಆಸ್ಪತ್ರೆಗಳ ಮೂಲಕ. 20ನೆಯ ಶತಮಾನದ ಮೊದಲ ದಶಕದಲ್ಲಿ ವೆಸ್ಲಿಯನ್ ಮೆಥಡಿಸ್ಟ್ ಮಿಷನ್ನಿನವರು ಹಾಸನದಲ್ಲಿ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆ ತೆರೆದರು. ಹಾಸನದವರಿಗೆ ಅದು ಇಂದಿಗೂ ಮಿಷನ್ ಆಸ್ಪತ್ರೆಯೇ. ಇಂಥ ಆಸ್ಪತ್ರೆಗಳು ಮೊದಲು ಗಮನ ಕೊಟ್ಟದ್ದು ಹೆಂಗಸರಿಗೆ, ಮಕ್ಕಳಿಗೆ. ದೇಶದಲ್ಲಿ ದಾದಿಯರ ತರಬೇತಿ ಬೇರೂರಿದ್ದು ಬಹುಮಟ್ಟಿಗೆ ಮಿಷನ್ ಆಸ್ಪತ್ರೆಗಳಲ್ಲಿ. ಪರರ ಮೈ ಮುಟ್ಟುವ, ಮಲಮೂತ್ರ ತೆಗೆಯುವ ಕೆಲಸಕ್ಕೆ ಜಾತಿವಂತರು ಮನೆಯ ಹುಡುಗಿಯರನ್ನು ಕಳಿಸುತ್ತಿರಲಿಲ್ಲ. ಹಾಗಾಗಿ ಆ ಕಾಲದ ದಾದಿಯರಲ್ಲಿ ಕ್ರೈಸ್ತರೇ ಹೆಚ್ಚು. ಸ್ವಂತ ಅತ್ತೆಗೆ ಮಾಡಿದರೆ ಪುಣ್ಯವೆನಿಸಿಕೊಳ್ಳುವ ಕೆಲಸ ಸಂಬಳಕ್ಕೆ ಮಾಡಿದರೆ ಕೀಳೆನಿಸಿಕೊಂಡಿತು. ಆ ಎಣಿಕೆ ನಮ್ಮಲ್ಲಿ ಇನ್ನೂ ಪೂರ್ತಿ ಹೋಗಿಲ್ಲ.

ಮೈಸೂರು ಸಂಸ್ಥಾನವೂ ಹಿಂದೆ ಬೀಳಲಿಲ್ಲ. 1930ರ ದಶಕದಲ್ಲಿ ರಾಕ್‌ಫೆಲರ್ ಫೌಂಡೇಷನ್ನಿನ ನೆರವಿನಿಂದ ಈಗ ರಾಮನಗರವಾಗಿರುವ ಕ್ಲೋಸ್‌ಪೇಟೆಯಲ್ಲಿ ಆರೋಗ್ಯ ಘಟಕ ತೆರೆದು ಹಳ್ಳಿಗಾಡಿನ ಕೆಲಸಕ್ಕೆ ಸಿಬ್ಬಂದಿಯನ್ನು ತಯಾರು ಮಾಡಲಾಯಿತು. ಅವರು ಕಲಿತದ್ದು ಮಲೇರಿಯಾ, ಸಿಡುಬು, ಹೆರಿಗೆ, ಶಿಶುಪಾಲನೆ. ಮುಪ್ಪು ಅದರಲ್ಲಿ ಇರಲಿಲ್ಲ. ಇರುವುದಕ್ಕೆ ಕಾರಣವೂ ಇರಲಿಲ್ಲ. ಸ್ವಾತಂತ್ರ್ಯ ಬಂದಾಗ ಭಾರತೀಯರ ಸರಾಸರಿ ಆಯುಷ್ಯ 32 ವರ್ಷದ ಆಸುಪಾಸು. ಹುಟ್ಟಿದ ಮಕ್ಕಳು ಉಳಿಯುವುದೇ ದೊಡ್ಡದಾಗಿದ್ದ ಕಾಲದಲ್ಲಿ ಮುದುಕರ ಬಗ್ಗೆ ಪಾಠ ಬರೆಯುವವರು ಯಾರು? 1946ರ ಭೋರ್ ಸಮಿತಿಯ ವರದಿಯ ಪ್ರಕಾರ ಇಡೀ ದೇಶದಲ್ಲಿದ್ದ ದಾದಿಯರು ಸುಮಾರು 7,000. ಅಂದರೆ 43,000 ಜನರಿಗೆ ಒಬ್ಬರು.

ಮುಂದಿನ ಎಲ್ಲ ತರಬೇತಿಗಳೂ ಅದೇ ದಾರಿಯಲ್ಲಿ ನಡೆದವು. 1951ರಿಂದ ಸಹಾಯಕ ದಾದಿ-ಸೂಲಗಿತ್ತಿಯರ ತರಬೇತಿ ಶುರುವಾಯಿತು. ನಮ್ಮ ಹಳ್ಳಿಗಳಿಗೆ ಸೈಕಲ್ಲಿನಲ್ಲೋ ಬಸ್ಸಿನಲ್ಲೋ ಬರುತ್ತಿದ್ದ ನರ್ಸಮ್ಮ ಇವರೇ. 1973ರ ಕರ್ತಾರ್ ಸಿಂಗ್ ಸಮಿತಿ ಅವರನ್ನು ವಿವಿಧೋದ್ದೇಶ ಕಾರ್ಯಕರ್ತೆಯರನ್ನಾಗಿಸಿತು. 1975ರಲ್ಲಿ ಅಂಗನವಾಡಿ ಬಂತು. ಕರ್ನಾಟಕದಲ್ಲಿ ಅದರ ಮೊದಲ ಯೋಜನೆ ನಮ್ಮ ನೆರೆಯ ತಿರುಮಕೂಡಲು ನರಸೀಪುರದಲ್ಲಿ. 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಸುಮಾರು ಸಾವಿರ ಜನಕ್ಕೊಬ್ಬರಂತೆ ಆಶಾ ಬಂದರು. ಬಸುರಿ, ಬಾಣಂತಿ, ಎಳೆಗೂಸು. ಈ ಮೂರಕ್ಕೆ ನಾವು ಪಾಠ ಬರೆದೆವು, ಜನರನ್ನು ತಯಾರು ಮಾಡಿದೆವು, ಮನೆಮನೆಗೆ ಕಳಿಸಿದೆವು. ಫಲ ಕಣ್ಣಮುಂದಿದೆ. ಸರಾಸರಿ ಆಯುಷ್ಯ 70ರ ಹತ್ತಿರ ಬಂದಿದೆ. ಈಗ ಆ ಗೆಲುವಿನಿಂದಲೇ ಹುಟ್ಟಿದ ಕೆಲಸವೊಂದು ಎದುರಿಗೆ ನಿಂತಿದೆ, ಅದಕ್ಕೆ ಜನ ತಯಾರಿಲ್ಲ.

*

ಮುಪ್ಪಿನವರ ಆರೈಕೆ ಒಂದು ವಿದ್ಯೆ ಎಂದು ಆಧುನಿಕ ವೈದ್ಯಕ್ಕೆ ತೋರಿಸಿಕೊಟ್ಟವರಲ್ಲಿ ಇಬ್ಬರು ಹೆಂಗಸರನ್ನು ಇಲ್ಲಿ ನೆನೆಯಬೇಕು. ಇಬ್ಬರೂ ಇಂಗ್ಲೆಂಡಿನವರು. 1935ರಲ್ಲಿ ಲಂಡನ್ನಿನ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ಡಾ. ಮಾರ್ಜರಿ ವಾರೆನ್ ಅವರ ಸುಪರ್ದಿಗೆ ಪಕ್ಕದ ಬಡವರ ದವಾಖಾನೆಯ 714 ರೋಗಿಗಳು ಬಂದರು. ಹೆಚ್ಚಿನವರು ಮುದುಕರು, ವರ್ಷಗಟ್ಟಲೆ ಹಾಸಿಗೆಯಲ್ಲೇ ಇದ್ದವರು. ಇನ್ನು ಇವರಿಗೇನೂ ಮಾಡಲಾಗದು ಎಂದು ಬಿಟ್ಟವರು. ವಾರೆನ್ ಒಬ್ಬೊಬ್ಬರನ್ನೂ ಪರೀಕ್ಷಿಸಿದರು, ಗುಂಪು ಮಾಡಿದರು, ಸಿಬ್ಬಂದಿಗೆ ಅವರನ್ನು ಎಬ್ಬಿಸಿ ಕೂರಿಸುವುದನ್ನು, ನಡೆಸುವುದನ್ನು ರೂಢಿಸಿದರು. ಅನೇಕರು ಎದ್ದು ಓಡಾಡಿದರು, ಕೆಲವರು ಮನೆಗೇ ಹೋದರು. ಅವರನ್ನು ಅಲ್ಲಿ ಕಟ್ಟಿಹಾಕಿದ್ದು ಮುಪ್ಪಿಗಿಂತ ಹೆಚ್ಚಾಗಿ ಹಾಸಿಗೆಯೇ.

ಇನ್ನೊಬ್ಬರು ಡೊರೀನ್ ನಾರ್ಟನ್, ದಾದಿ. ಹಾಸಿಗೆ ಹುಣ್ಣಿಗೆ ಆಗ ಒಂದೊಂದು ವಾರ್ಡಿನಲ್ಲಿ ಒಂದೊಂದು ಮದ್ದು. ಸ್ಪಿರಿಟ್ ತಿಕ್ಕುವವರು, ಮುಲಾಮು ಹಚ್ಚುವವರು, ಪುಡಿ ಉದುರಿಸುವವರು. ನಾರ್ಟನ್ ಮತ್ತು ಸಂಗಡಿಗರು ವಯಸ್ಸಾದ ರೋಗಿಗಳನ್ನು ಕೂಲಂಕಷವಾಗಿ ಗಮನಿಸಿ 1962ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು. ಹುಣ್ಣು ತಡೆಯುವುದು ಹಚ್ಚುವ ಮದ್ದಲ್ಲ, ಹೊತ್ತುಹೊತ್ತಿಗೆ ಮಗ್ಗುಲು ಬದಲಿಸಿ ಒತ್ತಡ ತಪ್ಪಿಸುವುದು ಎಂಬುದು ಅದರ ಸಾರ. ಯಾರಿಗೆ ಹುಣ್ಣಾಗುವ ಸಂಭವ ಹೆಚ್ಚು ಎಂದು ಮೊದಲೇ ಅಳೆಯುವ ಅಂಕಪಟ್ಟಿಯೂ ಅವರ ಹೆಸರಿನಲ್ಲೇ ಇದೆ. ನಮ್ಮಜ್ಜಿಯ ಹಾಸಿಗೆಯ ಪಕ್ಕ ನಿಂತು 'ಎಲ್ಡ್ ಗಂಟ್ಗೊಂದ್ ಸಲ' ಎಂದ ಆ ಆಯಾಗೆ ನಾರ್ಟನ್ ಹೆಸರು ಗೊತ್ತಿರಲಾರದು. ಹಾಸನದ ಯಾವುದೋ ವಾರ್ಡಿನಲ್ಲಿ ಯಾರೋ ಹಿರಿಯ ದಾದಿ ಹೇಳಿದ್ದನ್ನು ಕೈಗೆ ಇಳಿಸಿಕೊಂಡಿದ್ದರು. ವಿದ್ಯೆ ಕೈಯಿಂದ ಕೈಗೆ ಹರಿದು ಅರಕಲಗೂಡಿನ ಹಳ್ಳಿಗೆ ಬಂದಿತ್ತು. ಆದರೆ ಅದು ಬಂದದ್ದು ಆಕಸ್ಮಿಕವಾಗಿ. ಆಕೆ ನಮ್ಮೂರಿನವರಾಗಿರದಿದ್ದರೆ?

ಭಾರತದಲ್ಲಿ ಈ ವಿದ್ಯೆಗೆ ಬಾಗಿಲು ತೆರೆದದ್ದು ಮದ್ರಾಸಿನ ಸರ್ಕಾರಿ ಜನರಲ್ ಆಸ್ಪತ್ರೆ. 1978ರಲ್ಲಿ ಡಾ. ವಿ. ಎಸ್. ನಟರಾಜನ್ ಅಲ್ಲಿ ಹಿರಿಯರಿಗೆಂದೇ ಹೊರರೋಗಿ ವಿಭಾಗ ಶುರುಮಾಡಿದರು. ನಮ್ಮಲ್ಲಿ ಬೆಂಗಳೂರಿನ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 1990ರ ದಶಕದ ಕೊನೆಯಿಂದ ಈ ಕೆಲಸದಲ್ಲಿದೆ. ಹಿರಿಯರಿಗೆ ಪೊಲೀಸರ ಜೊತೆ ಸೇರಿ ನಡೆಸುವ 1090 ಸಹಾಯವಾಣಿಯೂ ಅವರದೇ. 2000ದಿಂದ ದೆಹಲಿಯ ರಾಷ್ಟ್ರೀಯ ಸಮಾಜ ರಕ್ಷಣಾ ಸಂಸ್ಥೆ ಹಿರಿಯರ ಆರೈಕೆಗೆ ಸರ್ಟಿಫಿಕೇಟ್, ಡಿಪ್ಲೊಮಾ ತರಬೇತಿಗಳನ್ನು ಆರಂಭಿಸಿತು. ಎಲ್ಲವೂ ಒಳ್ಳೆಯ ಕೆಲಸಗಳೇ. ಆದರೆ ಎಲ್ಲವೂ ದೊಡ್ಡ ಊರುಗಳ ಕೆಲಸಗಳು.

ಮುಪ್ಪು ಮಾತ್ರ ಸಣ್ಣ ಊರುಗಳಲ್ಲಿ ಬೀಡುಬಿಟ್ಟಿದೆ. ಹಾಸನ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 17.21 ಲಕ್ಷ, 2011ರಲ್ಲಿ 17.76 ಲಕ್ಷ. ರಾಜ್ಯದ ಜನಸಂಖ್ಯೆ ಶೇ. 15ಕ್ಕೂ ಹೆಚ್ಚು ಬೆಳೆದ ಹತ್ತು ವರ್ಷದಲ್ಲಿ ಹಾಸನ ಬೆಳೆದದ್ದು ಶೇ. 3ರಷ್ಟು. 1,000 ಗಂಡಸರಿಗೆ 1,010 ಹೆಂಗಸರು. ಮಕ್ಕಳು ಕಡಿಮೆಯಾದದ್ದು ಒಂದು ಕಾರಣ, ಹರೆಯದವರು ಊರು ಬಿಟ್ಟದ್ದು ಇನ್ನೊಂದು. ಅಂಕಿ ಬೇಡವೆನ್ನುವವರು ಶನಿವಾರ ಸಂಜೆ ಚನ್ನರಾಯಪಟ್ಟಣದ ಬಸ್ ನಿಲ್ದಾಣದಲ್ಲಿ ನಿಂತು ನೋಡಲಿ. ಬೆಂಗಳೂರಿನಿಂದ ಬಂದ ಬಸ್ಸುಗಳಿಂದ ಮಕ್ಕಳು ಇಳಿಯುತ್ತಾರೆ. ಕೈಯಲ್ಲಿ ವಾರದ ಮಾತ್ರೆಗಳ ಕವರು. ಭಾನುವಾರ ರಾತ್ರಿ ಅದೇ ಬಸ್ಸು ಹತ್ತುತ್ತಾರೆ. ಅವರಲ್ಲಿ ಪ್ರೀತಿ ಇಲ್ಲವೆನ್ನಲು ನನಗೆ ಬಾಯಿ ಬರುವುದಿಲ್ಲ. ನಾನೂ ಆ ಬಸ್ಸು ಹತ್ತಿದವನೇ.

*

ಕಾನೂನು ಇದನ್ನು ಮಕ್ಕಳ ಕರ್ತವ್ಯದ ಪ್ರಶ್ನೆಯಾಗಿ ನೋಡಿತು. 1999ರಲ್ಲಿ ಹಿರಿಯ ನಾಗರಿಕರ ರಾಷ್ಟ್ರೀಯ ನೀತಿ ಬಂತು. 2007ರ ಕಾಯ್ದೆ ತಂದೆತಾಯಿಯ ಪೋಷಣೆ ಮಾಡದ ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿವರೆಗೆ ಕೊಡಿಸುವ ಅಧಿಕಾರವನ್ನು ನ್ಯಾಯಮಂಡಳಿಗೆ ಕೊಟ್ಟಿತು. ದಿಕ್ಕಿಲ್ಲದವರಿಗೆ ಅದರಿಂದ ನಿಜಕ್ಕೂ ಉಪಕಾರವಾಗಿದೆ. ಆದರೆ ಕಾನೂನು ಹಣ ಕೊಡಿಸಬಲ್ಲದು, ಮಗ್ಗುಲು ಬದಲಿಸುವುದನ್ನು ಕಲಿಸಲಾರದು.

ಕಲಿಸುವ ಮಾತು ಮೊದಲು ಬಂದದ್ದು 2010–11ರಲ್ಲಿ ಶುರುವಾದ ಹಿರಿಯರ ಆರೋಗ್ಯ ರಕ್ಷಣೆಯ ರಾಷ್ಟ್ರೀಯ ಕಾರ್ಯಕ್ರಮದಲ್ಲಿ. ಜಿಲ್ಲಾ ಆಸ್ಪತ್ರೆಯಲ್ಲಿ ಹಿರಿಯರಿಗೆ 10 ಹಾಸಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಮ್ಮೆ ಹಿರಿಯರ ಕ್ಲಿನಿಕ್, ಹಾಸಿಗೆ ಹಿಡಿದವರ ಮನೆಗೆ ಉಪಕೇಂದ್ರದ ಸಿಬ್ಬಂದಿಯ ಭೇಟಿ. ಅದರ ಜೊತೆಗೆ ಒಂದು ಸಾಲು: ಮನೆಯಲ್ಲಿ ನೋಡಿಕೊಳ್ಳುವವರಿಗೆ ಆರೈಕೆಯನ್ನು ಕಲಿಸಬೇಕು. ನಮ್ಮಮ್ಮನಿಗೆ ಬೇಕಿದ್ದದ್ದು ಇದೊಂದೇ ಸಾಲು.

ಹೊಳೆನರಸೀಪುರ ತಾಲ್ಲೂಕಿನಲ್ಲಿ ಆಶಾ ಆಗಿರುವ ನನ್ನ ಚಿಕ್ಕಮ್ಮನ ಮಗಳ ಚೀಲದಲ್ಲಿ ಒಂದು ಅರ್ಜಿ ನಮೂನೆ ಇರುತ್ತದೆ. 30 ದಾಟಿದ ಎಲ್ಲರಿಗೂ ಅವಳು ಅದನ್ನು ತುಂಬಬೇಕು. ಬೀಡಿ ಸೇದುತ್ತೀರಾ, ಮನೆಯಲ್ಲಿ ಬಿಪಿ, ಸಕ್ಕರೆ ಕಾಯಿಲೆ ಇದೆಯಾ ಎಂದೆಲ್ಲ ಕೇಳಿದ ಮೇಲೆ 60 ದಾಟಿದವರಿಗೆ ಬೇರೆಯೇ ಪ್ರಶ್ನೆಗಳು. ನಿಂತಾಗ, ನಡೆಯುವಾಗ ಓಲಾಡಿದಂತಾಗುತ್ತದೆಯೇ? ಉಣ್ಣಲು, ಬಟ್ಟೆ ತೊಡಲು, ಸ್ನಾನಕ್ಕೆ, ಕಕ್ಕಸಿಗೆ ಹೋಗಲು ಇನ್ನೊಬ್ಬರ ಸಹಾಯ ಬೇಕೇ? ಹತ್ತಿರದವರ ಹೆಸರು, ಮನೆಯ ವಿಳಾಸ ಮರೆಯುತ್ತೀರಾ?

ಹಾಸಿಗೆ ಹಿಡಿದ ಮುದುಕಿಯ ಮುಂದೆ ಕೂತು ಸರ್ಕಾರವೊಂದು ಹೀಗೆ ಕೇಳಿದ್ದು ನಮ್ಮ ಇತಿಹಾಸದಲ್ಲಿ ಸಣ್ಣ ವಿಷಯವಲ್ಲ. ನನ್ನ ತಂಗಿ ಅದನ್ನು ಒಪ್ಪುತ್ತಾಳೆ. ಆಮೇಲೆ ಕೇಳುತ್ತಾಳೆ, "ಹೌದು ಅಂತ ಗುರುತು ಹಾಕಿದ್ ಮೇಲೆ ಏನಣ್ಣ ಮಾಡ್ಲಿ? ಬಾಣಂತಿಗೆ ಏನು ಹೇಳ್ಬೇಕು ಅಂತ ನಿದ್ದೇಲಿ ಎಬ್ಬಿಸಿದ್ರೂ ಹೇಳ್ತೀನಿ. ಮಗನ ಹೆಸರೇ ಮರೆತ ಅಜ್ಜನ ಸೊಸೆಗೆ ಏನು ಹೇಳ್ಲಿ?" ಅವಳಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಅದಕ್ಕೂ ಬೀದಿಗಿಳಿದು ಕೇಳಬೇಕಾದ ಸ್ಥಿತಿ. ಇದೊಂದನ್ನೂ ಅವಳ ಹೆಗಲಿಗೇರಿಸಿ ತರಬೇತಿ ಆಯಿತು ಎಂದರೆ, 48 ಜನರ ಕೆಲಸವನ್ನು ಮತ್ತೊಬ್ಬ ಹೆಣ್ಣಿನ ಮೇಲೆ ಹೇರಿದಂತೆಯೇ.

ಕಲಿಯಬೇಕಾದ್ದು ಬೆಟ್ಟದಷ್ಟೇನಿಲ್ಲ. ಚರ್ಮ ಸುಲಿಯದಂತೆ ಹೊರಳಿಸುವುದು. ಹುಣ್ಣಾಗುವ ಮೊದಲು ಕಾಣುವ, ಒತ್ತಿದರೂ ಬಿಳುಪೇರದ ಕೆಂಪನ್ನು ಗುರುತಿಸುವುದು. ನುಂಗಲು ಕಷ್ಟವಾದವರಿಗೆ ಮಲಗಿಸಿ ಗಂಜಿ ಹೊಯ್ಯದೆ ಕೂರಿಸಿ, ಗಲ್ಲ ಸ್ವಲ್ಪ ತಗ್ಗಿಸಿ, ಚಮಚದಷ್ಟೇ ಕೊಡುವುದು. ಬಚ್ಚಲಿಗೆ ಹಿಡಿಕೆ ಹಾಕಿಸುವುದು, ರಾತ್ರಿ ಒಂದು ಸಣ್ಣ ದೀಪ ಉರಿಸುವುದು. ಮರೆವಿನ ಕಾಯಿಲೆಯವರು ಸತ್ತ ಗಂಡ ಬಂದನೇ ಎಂದು ಕೇಳಿದರೆ ಅವರೊಂದಿಗೆ ವಾದಕ್ಕಿಳಿಯದೆ ಮಾತು ತಿರುಗಿಸುವುದು. ಇದ್ದಕ್ಕಿದ್ದಂತೆ ಗೊಂದಲಗೊಂಡರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕದೆ, ಜ್ವರವೋ ಮೂತ್ರದ ಸೋಂಕೋ ಇರಬಹುದೆಂದು ಡಾಕ್ಟರಿಗೆ ತೋರಿಸುವುದು. ಇವೆಲ್ಲ ಕೆಲವು ವಾರದಲ್ಲಿ ಕೈಗೆ ಹತ್ತುವ ವಿದ್ಯೆಗಳು. ಪುಸ್ತಕದಿಂದಲ್ಲ, ಬಲ್ಲವರ ಪಕ್ಕ ನಿಂತು.

ಕೇರಳದವರು ಇದನ್ನು ಮಾಡಿ ತೋರಿಸಿದ್ದಾರೆ. 1993ರಲ್ಲಿ ಕಲ್ಲಿಕೋಟೆಯಲ್ಲಿ ನೋವು ಶಮನದ ಸಂಘವಾಗಿ ಶುರುವಾದ ಕೆಲಸ ಕೆಲವೇ ವರ್ಷಗಳಲ್ಲಿ ಮಲಪ್ಪುರದ ಊರೂರಿಗೆ ಹಬ್ಬಿತು. ಮೇಷ್ಟ್ರು, ಅಂಗಡಿಯವರು, ಗೃಹಿಣಿಯರು ತರಬೇತಿ ಪಡೆದು ವಾರಕ್ಕಿಷ್ಟು ಹೊತ್ತೆಂದು ನೆರೆಯ ಮನೆಗಳ ಹಾಸಿಗೆ ಹಿಡಿದವರ ಬಳಿ ಹೋದರು. ಅವರ ಬೆನ್ನಿಗೆ ಕಲಿತ ದಾದಿಯಿದ್ದಳು, ದಾದಿಯ ಬೆನ್ನಿಗೆ ವೈದ್ಯರಿದ್ದರು. 2008ರಲ್ಲಿ ಅಲ್ಲಿನ ಸರ್ಕಾರ ಅದಕ್ಕೊಂದು ನೀತಿಯನ್ನೇ ರೂಪಿಸಿತು. ಹಾಸನದಲ್ಲಿ 2006ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ತಾಲ್ಲೂಕು ಕೇಂದ್ರಗಳಲ್ಲಿ ಆಸ್ಪತ್ರೆಗಳಿವೆ, ಊರೂರಿಗೆ ಸ್ತ್ರೀಶಕ್ತಿ ಸಂಘಗಳಿವೆ. ಆಸ್ಪತ್ರೆಗಳಲ್ಲಿ ಜನ್ಮ ಸವೆಸಿ ಊರಿಗೆ ಮರಳಿದ ಆಯಾಗಳೂ ನಿವೃತ್ತ ದಾದಿಯರೂ ಇದ್ದಾರೆ. ಅವರ ಕೈಯಲ್ಲಿರುವ ವಿದ್ಯೆಯನ್ನು ಯಾರೂ ಕರೆದು ಕೇಳುತ್ತಿಲ್ಲ ಅಷ್ಟೆ.

ಅಮ್ಮನಿಗೆ ಈಗ 78. ಮಂಡಿ ಹಿಡಿದುಕೊಂಡು ಏಳುತ್ತಾಳೆ. ಬಚ್ಚಲಿಗೆ ಹಿಡಿಕೆ ಹಾಕಿಸಿದ್ದೇವೆ. ಹೋದ ಸಲ ಊರಿಗೆ ಹೋದಾಗ ಹಳೆಯ ಹತ್ತಿಯ ಸೀರೆಗಳನ್ನು ತೊಳೆದು ಮಡಿಸಿ ಪೆಟ್ಟಿಗೆಯಲ್ಲಿಡುತ್ತಿದ್ದಳು. ಯಾಕಮ್ಮ ಎಂದೆ. "ಮುಂದೆ ಬೇಕಾಗ್ತವೆ" ಎಂದು ನಕ್ಕಳು. ಆಮೇಲೆ ನನ್ನನ್ನೂ ನನ್ನ ಹೆಂಡತಿಯನ್ನೂ ಕೂಗಿ ಕರೆದು, ಮಂಚದ ಮೇಲೆ ಒಂದು ದಿಂಬು ಮಲಗಿಸಿ, ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಅದರ ಅಡಿಗೆ ಹಾಸುವುದು ಹೇಗೆಂದು ತೋರಿಸಿದಳು. ನಾನು ಈಚೆ ಹಿಡಿದೆ, ಅವಳು ಆಚೆ ಹಿಡಿದಳು. "ಇಬ್ರು ಬೇಕು ಕಣೋ," ಅಮ್ಮ ಹೇಳಿದಳು, "ಒಬ್ಬರ ಮೇಲೇ ಬಿಡಬೇಡಿ."